ಗಂಡುಹೂ ಬೇಕಾಗಿದೆ, ತುರ್ತಾಗಿ!

ಬೆಳಗಿನ ಐದೂಕಾಲು. ಬೀದಿ ಇನ್ನೂ ಮುಸುಕು ಹೊದ್ದು ಮಲಗಿದೆ. ಟೈಲರಮ್ಮನ ಹಿತ್ತಲಲ್ಲಿ ಮಾತ್ರ ಟಾರ್ಚಿನ ಬೆಳಕು ಎಲೆಯಿಂದ ಎಲೆಗೆ ಓಡಾಡುತ್ತಿದೆ. ಕೊರಳಲ್ಲಿ ಇಂಚ್ ಟೇಪು, ಅಂಗಿಯ ಎದೆಪಟ್ಟಿಗೆ ಚುಚ್ಚಿಕೊಂಡ ಎರಡು ಸೂಜಿ, ಹಲ್ಲುಗಳ ನಡುವೆ ಕೆಂಪು ದಾರದ ತುಂಡು. ಐವತ್ತೆರಡರ ಟೈಲರಮ್ಮ ಮಂಡಿಯೂರಿ ಕೂತು, ಕುಂಬಳದ ಬಳ್ಳಿಯ ಕೆಳಗೆ ತಲೆ ತೂರಿಸಿದ್ದಾರೆ. ಮಾತಾಡಿಸಲು ಹೋದವರಿಗೆ ಕಾಣುವುದು ಅವರ ಬೆನ್ನು ಮತ್ತು ಎರಡು ಮಣ್ಣುಗಾಲು ಮಾತ್ರ.

"ಬಂತು, ಬಂತು! ಇವತ್ತೇ ಅರಳೋದು!" ದಾರ ಕಚ್ಚಿಕೊಂಡೇ ಅವರು ಪಿಸುಗುಡುತ್ತಾರೆ. ತಟ್ಟೆಯಗಲದ ಎಲೆಯ ಅಡಿಯಲ್ಲಿ ಒಂದು ಹಳದಿ ಮೊಗ್ಗು. ರಾತ್ರಿ ಹುಳಹುಪ್ಪಟೆ ಒಳನುಗ್ಗದಂತೆ ನಿನ್ನೆ ಸಂಜೆಯೇ ಅದರ ತುದಿಗೆ ಕೆಂಪು ದಾರ ಬಿಗಿದಿದ್ದಾರೆ. ಮೊಗ್ಗಿನ ಬುಡದಲ್ಲಿ ಗೋಲಿಯಷ್ಟು ದಪ್ಪದ ಹಸಿರು ಹೀಚು. ಆ ಹೀಚು ಇದ್ದರೆ ಅದು ಹೆಣ್ಣುಹೂ, ಬರೀ ಉದ್ದನೆಯ ತೊಟ್ಟಿದ್ದರೆ ಗಂಡುಹೂ. ಕುಂಬಳದಲ್ಲಿ ಎರಡೂ ಬೇರೆ ಬೇರೆ. ಹೆಣ್ಣುಹೂವಿಗೆ ಆಯಸ್ಸು ಒಂದೇ ಒಂದು ಬೆಳಗು. ಬೆಳಕು ಹರಿಯುವಾಗ ಬಿರಿದರೆ ಒಂಬತ್ತೂವರೆಗೆಲ್ಲ ಮುದುಡಿಕೊಳ್ಳುತ್ತದೆ. ಅಷ್ಟರೊಳಗೆ ಗಂಡುಹೂವಿನ ಪರಾಗ ಅದಕ್ಕೆ ಮುಟ್ಟದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ.

ಸಮಸ್ಯೆ ಏನೆಂದರೆ, ಬಳ್ಳಿಯಲ್ಲಿ ಗಂಡುಹೂ ಇಲ್ಲ. ಒಂದೂ ಇಲ್ಲ!

ಇದ್ದದ್ದು ಹನ್ನೆರಡು. ಮೂರು ದಿನದ ಹಿಂದೆ ಟೈಲರಮ್ಮ ಶಾಲೆಗೆ ಸಮವಸ್ತ್ರ ತಲುಪಿಸಲು ಹೋಗಿದ್ದಾಗ, ಅವರ ಪತಿ ಬಳ್ಳಿಗೆ ಕಟಿಂಗ್ ಮಾಡಿದ್ದಾರೆ. ಪತಿ ಬೀದಿಯ ಮೂಲೆಯಲ್ಲಿ ಕ್ಷೌರದ ಅಂಗಡಿ ಇಟ್ಟಿರುವವರು. ಮೂವತ್ತು ವರ್ಷದಿಂದ ಊರವರ ತಲೆ ಓರಣ ಮಾಡಿದ ಕೈ ಅದು, ಕೆದರಿಕೊಂಡದ್ದು ಕಣ್ಣಿಗೆ ಬಿದ್ದರೆ ಸುಮ್ಮನಿರದು. ಹೀಚಿದ್ದ ಮೊಗ್ಗನ್ನು ಜೋಪಾನವಾಗಿ ಬಿಟ್ಟು, ಉದ್ದ ತೊಟ್ಟಿನ ಹೂವುಗಳನ್ನೂ ಮೊಗ್ಗುಗಳನ್ನೂ ಸಾಲಾಗಿ ಕತ್ತರಿಸಿ, ಕಸದ ಗಾಡಿಗೆ ಹಾಕಿ, ಹೆಂಡತಿ ಬರುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಂತಿದ್ದರಂತೆ. ಅದೂ ಶಹಬ್ಬಾಸ್‌ಗಿರಿ ಸಿಗುತ್ತದೆಂದು!

"ಎರಡು ವಾರದಿಂದ ಅರಳ್ತಾನೇ ಇದ್ವು. ಒಂದಾದ್ರೂ ಕಾಯಿ ಬಿಟ್ಟಿತ್ತಾ? ತಿಂದು ಮಲಗೋ ಹೂವು ಅಂತ ತೆಗೆದುಹಾಕ್ದೆ," ಎನ್ನುತ್ತಾರೆ ಅವರು, ಈಗಲೂ ಕಿವಿ ಕೆಂಪು ಮಾಡಿಕೊಂಡು. "ಎಷ್ಟು ನೀಟಾಗಿ ಕಾಣ್ತಿತ್ತು ಗೊತ್ತಾ?"

ಟೈಲರಮ್ಮ ಆ ದಿನ ಬೈಯಲಿಲ್ಲ. ಅದೇ ಅವರ ಪತಿಗೆ ಹೆದರಿಕೆ ಹುಟ್ಟಿಸಿದ್ದು. ಈ ಮನೆಯಲ್ಲಿ ಎರಡು ಕತ್ತರಿಗಳಿವೆ, ಒಂದು ಬಟ್ಟೆಗೆ, ಒಂದು ಕೂದಲಿಗೆ. ಒಬ್ಬರದನ್ನು ಇನ್ನೊಬ್ಬರು ಮುಟ್ಟಿದರೆ ಅಂದು ಮನೆಯಲ್ಲಿ ರಂಪ. ಆದರೆ ಅಂದು ಹೆಂಡತಿ ಬಳ್ಳಿಯನ್ನು ನೋಡಿ, ಮೆಷಿನ್ನಿನ ಮುಂದೆ ಕೂತು, ಕತ್ತಲಾಗುವವರೆಗೆ ದಿಂಬಿನ ಚೀಲ ಹೊಲಿದರಂತೆ.

ಒಂದು ಹೂವಿಗೆ ಇಷ್ಟೊಂದು ದುಃಖವೇ ಎಂದು ಕೇಳುವವರು ಈ ಹಿತ್ತಲಿನ ಲೆಕ್ಕ ಸ್ವಲ್ಪ ತಿಳಿಯಬೇಕು. ಹದಿನೆಂಟು ಅಡಿ ಉದ್ದ, ಹನ್ನೊಂದು ಅಡಿ ಅಗಲ, ಜೊತೆಗೆ ಬಚ್ಚಲುಮನೆಯ ಮಾಡು. ಇಷ್ಟೇ ಜಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಒಂದು ದಿನವೂ ಕುಂಬಳದ ಬಳ್ಳಿ ಇಲ್ಲದೆ ಹೋಗಿಲ್ಲ. ಮಳೆಗಾಲ, ಚಳಿಗಾಲ, ಬೇಸಿಗೆ ಎಲ್ಲದಕ್ಕೂ ಇಲ್ಲಿ ಉತ್ತರವಿದೆ. ಏಳು ವಾರಕ್ಕೊಮ್ಮೆ ಹೊಸ ಬೀಜ ಮಣ್ಣಿಗೆ ಬೀಳುತ್ತದೆ. ಚಳಿಯಲ್ಲಿ ಸಸಿಗಳ ಮೇಲೆ ತಳ ಕೊಯ್ದ ನೀರಿನ ಕ್ಯಾನುಗಳು ಟೋಪಿಯಂತೆ ಕೂರುತ್ತವೆ. ಬಿಸಿಲಲ್ಲಿ ಹಳೆಯ ಬೆಡ್‌ಶೀಟು ಚಪ್ಪರವಾಗುತ್ತದೆ. ಮಳೆಯಲ್ಲಿ ಕಾಯಿ ಕೊಳೆಯದಂತೆ ಪ್ರತಿ ಕಾಯಿಗೂ ಒಂದು ಜೋಲಿ, ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಎರಡು ಹೊಲಿಗೆ ಹಾಕಿದ್ದು. ಹಣ್ಣುನೊಣ ಚುಚ್ಚದಂತೆ ಎಳೆಗಾಯಿಗೆ ಅಂಗಿಯ ತೋಳು ತೊಡಿಸುತ್ತಾರೆ. ಎಲೆಗೆ ಬೂದಿ ರೋಗ ಬಂದರೆ ಒಂದು ಲೋಟ ಹಾಲಿಗೆ ಹತ್ತು ಲೋಟ ನೀರು ಬೆರೆಸಿ ಬೆಳಗಿನ ಬಿಸಿಲಲ್ಲಿ ಚಿಮುಕಿಸುತ್ತಾರೆ.

"ನನಗೆ ಕಾಫಿಗೆ ಹಾಲಿಲ್ಲ, ಕುಂಬಳಕ್ಕೆ ಹಾಲಿನ ಸ್ನಾನ!" ಇದು ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ಅತ್ತೆಯ ಮಾತು. ಎಂಬತ್ತರ ಗಡಿ ದಾಟಿದ ಅವರಿಗೆ ಕಿವಿ ಮಂದ, ನಾಲಿಗೆ ಚುರುಕು. "ಮದುವೆಯಾಗಿ ಬಂದಾಗ ನನ್ನ ಮಗನ ಮುಖ ನೋಡಿ ಏಳ್ತಿದ್ಲು. ಈಗ ಹೂವಿನ ಮುಖ ನೋಡಿದ ಮೇಲೇ ಅವನ ಪಾಳಿ."

ಸೊಸೆ ನಗುತ್ತಾರೆ. ಅವರ ದಿನವಿಡೀ ಇರುವುದು ಮುಂದಿನ ಕೋಣೆಯ ಹೊಲಿಗೆ ಮೆಷಿನ್ನಿನ ಮುಂದೆ. ಶಾಲಾ ಸಮವಸ್ತ್ರ, ಪರದೆ, ದಿಂಬಿನ ಚೀಲ, ಹರಿದ ಜಿಪ್ಪು. ದಿನಕ್ಕೆ ಏಳೆಂಟು ಅಂಗಿ, ಶಾಲೆ ಶುರುವಾಗುವ ತಿಂಗಳಲ್ಲಿ ಹದಿನಾಲ್ಕು. ಕುಂಬಳಕ್ಕೆ ಸಿಗುವುದು ಬೆಳಗಿನ ಎರಡು ಗಂಟೆ, ಸಂಜೆಯ ಅರ್ಧ ಗಂಟೆ. ಕಳೆದ ವರ್ಷ ಮೂವತ್ತೆಂಟು ಕಾಯಿ ಬಿಟ್ಟಿವೆ. ಒಂದನ್ನೂ ಮಾರಿಲ್ಲ. ಬೀದಿಯಲ್ಲಿ ಯಾರಾದರೂ ಆಸ್ಪತ್ರೆಯಿಂದ ಮರಳಿದರೆ, ಯಾರ ಮನೆಯಲ್ಲಾದರೂ ಮಗು ಹುಟ್ಟಿದರೆ, ಹೊಸದಾಗಿ ಯಾರಾದರೂ ಬಾಡಿಗೆಗೆ ಬಂದರೆ, ಮೊದಲು ಅವರ ಅಡುಗೆಮನೆಗೆ ಬರುವುದು ಟೈಲರಮ್ಮನ ಕುಂಬಳ. ಚಪ್ಪಟೆ ತಲೆ, ಹನ್ನೊಂದು ಏಣು, ಬೂದುಹಸಿರು ಸಿಪ್ಪೆ, ಒಳಗೆ ಗಾಢ ಕೇಸರಿ. ಬೆಂದರೆ ಬೆಣ್ಣೆ. ತಿಂದವರೆಲ್ಲ ಹಾಡಿ ಹೊಗಳುತ್ತಾರೆ, ಬೆಳೆದವರ ಹೆಸರು ಮಾತ್ರ ಬೀದಿಯ ಆಚೆ ಯಾರಿಗೂ ಗೊತ್ತಿಲ್ಲ.

ಈ ತಳಿ ಅವರಿಗೆ ಬಂದದ್ದು ಹೊಲಿಗೆ ಕಲಿಸಿದ ಅಜ್ಜಿಯಿಂದ. ಕಣ್ಣು ಮಂಜಾಗಿ ಮೆಷಿನ್ ಬಿಟ್ಟ ದಿನ ಆ ಅಜ್ಜಿ ತನ್ನ ದೊಡ್ಡ ಕತ್ತರಿಯ ಜೊತೆಗೆ, ಅಂಗಿಯ ಕಾಗದದ ಅಚ್ಚಿನಲ್ಲಿ ಮಡಚಿದ ಏಳು ಬೀಜಗಳನ್ನೂ ಕೊಟ್ಟರಂತೆ. "ಬೇರೆ ಯಾರ ಹತ್ರಾನೂ ಇಲ್ಲ ಇದು, ಬಿಟ್ಟರೆ ಹೋಯ್ತು ಅಂದ್ರು. ಅಷ್ಟೇ ಅಂದಿದ್ದು. ಅಷ್ಟು ಸಾಕಾಯ್ತು ನನಗೆ, ಜನ್ಮಪೂರ್ತಿ ಹೆದರ್ಕೊಂಡು ಏಳೋದಕ್ಕೆ!"

ಕುಂಬಳ ಸುಲಭಕ್ಕೆ ಬೆರಕೆಯಾಗುವ ಜಾತಿ. ಪಕ್ಕದ ಬೀದಿಯ ಬೇರೆ ಕುಂಬಳದ ಪರಾಗವನ್ನು ಜೇನ್ನೊಣ ಹೊತ್ತು ತಂದರೆ ಮುಂದಿನ ಪೀಳಿಗೆಯ ರೂಪವೂ ಬೇರೆ, ರುಚಿಯೂ ಬೇರೆ. ಅದಕ್ಕೇ ಈ ದಾರ ಕಟ್ಟುವ ಕಟ್ಟುನಿಟ್ಟು. ಮೊದಮೊದಲು ಟೈಲರಮ್ಮ ಕೇಳಿದವರಿಗೆಲ್ಲ ಬೀಜ ಕೊಟ್ಟರು. ಯಾರೂ ಹೂ ಕಟ್ಟಲಿಲ್ಲ. ಎರಡೇ ವರ್ಷದಲ್ಲಿ ಬೀದಿ ತುಂಬ ಹೆಸರಿಗೆ ಟೈಲರಮ್ಮನದು, ಕೊಯ್ದರೆ ಸೋರೆಕಾಯಿಯಂತೆ ನೀರುನೀರಾದ ಕುಂಬಳಗಳು. ಅಂದಿನಿಂದ ಅವರು ಮುಷ್ಟಿ ಬಿಗಿಹಿಡಿದರು. ಬೀಜ ಬಲಿಯುವ ಮೊದಲೇ ಕೊಯ್ದ ಕಾಯಿ ಎಷ್ಟು ಬೇಕಾದರೂ ಕೊಡುತ್ತಾರೆ, ಬೀಜ ಕೇಳಿದರೆ ಮಾತು ಹಾರಿಸುತ್ತಾರೆ.

ಬಿಗಿಹಿಡಿದ ಮುಷ್ಟಿಯೇ ಈ ಸಲ ಅವರಿಗೆ ಮುಳುವಾಗಿದೆ. ಕಳೆದ ಮಳೆಗಾಲದಲ್ಲಿ ಬೀಜದ ಡಬ್ಬಿಯ ಮುಚ್ಚಳ ಸಡಿಲವಾಗಿ, ಒಳಗೆಲ್ಲ ಬೂಷ್ಟು ಹಿಡಿಯಿತು. ಉಳಿದ ಇಪ್ಪತ್ತೆರಡು ಬೀಜಗಳನ್ನೂ ಮಣ್ಣಿಗೆ ಹಾಕಿದರು. ಮೊಳೆತದ್ದು ಒಂದು, ಹಳೆಯ ಬಳ್ಳಿಗಳು ಅಷ್ಟರಲ್ಲಿ ಒಣಗಿದ್ದವು. ಆ ಒಂದೇ ಬಳ್ಳಿ ಇದು. ಬುಡದ ಕಡೆ ಎಲೆಗಳು ಹಳದಿಯಾಗುತ್ತಿವೆ, ಮೊದಲ ಎರಡು ಹೆಣ್ಣುಹೂಗಳು ಮಳೆಗೆ ಕೊಳೆತುಹೋದವು. ಗಿಣ್ಣುಗಳನ್ನು ಮಣ್ಣಲ್ಲಿ ಹೂತು ಹೊಸ ಬೇರು ಬಿಡಿಸಿ ಅದನ್ನು ಹೇಗೋ ನಿಲ್ಲಿಸಿಕೊಂಡಿದ್ದಾರೆ. ಈಗ ಕಾಯಿ ಕಚ್ಚಿದರೆ ಅದೊಂದನ್ನು ಬಲಿಸುವಷ್ಟು ಕಸುವು ಬಳ್ಳಿಗಿದೆ. ಇನ್ನೊಂದು ಹೆಣ್ಣುಹೂವಿಗೆ ಕಾಯುವಷ್ಟಿಲ್ಲ. ಹೊಸ ಗಂಡುಮೊಗ್ಗುಗಳು ಅಕ್ಕಿಕಾಳಿನಷ್ಟಿವೆ, ಅರಳಲು ಇನ್ನೂ ಹತ್ತು ದಿನ ಬೇಕು. ಅಂದರೆ ಇವತ್ತು, ಒಂಬತ್ತೂವರೆಯೊಳಗೆ. ಇಲ್ಲದಿದ್ದರೆ ಅಜ್ಜಿಯ ಕುಂಬಳದ ಕಥೆ ಮುಗಿದಂತೆ.

ಆರು ಗಂಟೆ. ಭಾನುವಾರ ಕ್ಷೌರದಂಗಡಿಗೆ ಬಿಡುವಿಲ್ಲದ ದಿನ. ಆದರೂ ಪತಿ ಅಂಗಡಿಯ ಬೀಗದಕೈ ಹಿಡಿದು ಹಿತ್ತಲಲ್ಲೇ ನಿಂತಿದ್ದಾರೆ. ತಪ್ಪು ಮಾಡಿದವರ ಹಾಗೆ ಅಲ್ಲ, ಏನೋ ನೆನಪಾಗಬೇಕಾದ್ದು ನೆನಪಾಗದವರ ಹಾಗೆ ಹಣೆ ಉಜ್ಜಿಕೊಳ್ಳುತ್ತಿದ್ದಾರೆ. ಅತ್ತೆಗೆ ಮಾತ್ರ ಈ ಗಂಭೀರತೆಯೆಲ್ಲ ತಮಾಷೆ. "ಹುಡುಗಿ ರೆಡಿ ಆಗಿ ಕೂತಿದ್ದಾಳೆ, ಗಂಡು ಇನ್ನೂ ಗೊತ್ತಾಗಿಲ್ಲ. ಎಂಥ ಮದುವೇನೋ ಇದು!"

"ಗಿರಣಿ!" ಎಂದು ಇದ್ದಕ್ಕಿದ್ದಂತೆ ಪತಿ ಕಿರುಚುತ್ತಾರೆ. "ಲೇ, ಹಿಟ್ಟಿನ ಗಿರಣಿ! ಮೊನ್ನೆ ಗಿರಣಿಯವನು ದಾಡಿ ಮಾಡಿಸ್ಕೊಳ್ತಾ ಹೇಳಿದ್ದ. ಯಾವುದೋ ಬಳ್ಳಿ ತಾನಾಗಿ ಹುಟ್ಟಿ ತಗಡಿನ ಮೇಲೆ ಹತ್ತಿದೆ, ಚಿಮಣಿ ಮುಚ್ಚಿದೆ, ಭಾನುವಾರ ಕಿತ್ತು ಹಾಕ್ತೀನಿ ಅಂತ. ಹಳದಿ ಹೂವು ಅಂದಿದ್ದ!"

"ಹಳದಿ ಹೂವು ನೂರಾರು ಬಳ್ಳೀಲಿ ಬಿಡುತ್ತೆ ರೀ," ಎನ್ನುತ್ತಾರೆ ಟೈಲರಮ್ಮ. ಆದರೆ ಎದ್ದು ನಿಂತಿದ್ದಾರೆ. ಕಳೆದ ವರ್ಷ ಗಿರಣಿಯವರ ಹೆಂಡತಿ ಮೊಣಕಾಲಿನ ಆಪರೇಷನ್ ಮುಗಿಸಿ ಬಂದಾಗ, ಬೇರೆ ಕಾಯಿ ಇಲ್ಲದೆ, ಬೀಜಕ್ಕೆಂದು ಬಲಿಸಿದ್ದ ಒಂದು ಕಾಯಿ ಕೊಟ್ಟದ್ದು ಅವರಿಗೆ ನೆನಪಾಗಿದೆ. ಆ ಕಾಯಿ ದಾರ ಕಟ್ಟಿ, ಕೈಯಾರೆ ಪರಾಗ ಮುಟ್ಟಿಸಿ ಬೆಳೆಸಿದ್ದು. ಅದರ ಬೀಜ ಕೊಚ್ಚೆಯಲ್ಲಿ ಬಿದ್ದು ಹುಟ್ಟಿದರೂ ಅದು ಶುದ್ಧ ತಳಿಯೇ. "ಇವತ್ತು ಭಾನುವಾರ ಅಲ್ವಾ?" ಎಂದವರೇ ಚಪ್ಪಲಿಯನ್ನೂ ಹಾಕದೆ ಹೊರಟೇಬಿಟ್ಟರು.

ಐವತ್ತೆರಡರ ಹೆಂಗಸು ಬರಿಗಾಲಲ್ಲಿ, ಕೊರಳಲ್ಲಿ ಇಂಚ್ ಟೇಪು ಹಾರಿಸಿಕೊಂಡು ಓಡುತ್ತಿದ್ದರೆ, ಹಿಂದೆ ಐವತ್ತೆಂಟರ ಗಂಡ ಭುಜದ ಮೇಲೆ ಏಣಿ ಹೊತ್ತು ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದಾರೆ. ಅಂಗಡಿಯ ಮುಂದೆ ಕೂದಲು ಬೆಳೆಸಿಕೊಂಡು ಕಾದಿದ್ದ ನಾಲ್ಕು ಜನ ಬಾಯಿ ಬಿಟ್ಟು ನೋಡುತ್ತಾರೆ. "ಏನಾಯ್ತು?" ಎಂದು ಒಬ್ಬರು ಕೂಗಿದರೆ, "ಗಂಡು ನೋಡಕ್ಕೆ ಹೋಗ್ತಿದ್ದೀವಿ!" ಎಂದು ಏಣಿಯ ಕೆಳಗಿನಿಂದ ಉತ್ತರ.

ಗಿರಣಿ ಎರಡು ಬೀದಿಯಾಚೆ. ಇವರು ತಲುಪುವ ಹೊತ್ತಿಗೆ ಗಿರಣಿಯವರು ಕುಡುಗೋಲು ಹಿಡಿದು ತಮ್ಮ ಕೆಲಸ ಅರ್ಧ ಮುಗಿಸಿದ್ದಾರೆ! ಮಾಡಿನ ಮೇಲಿದ್ದ ಬಳ್ಳಿ ಅಂಗಳದಲ್ಲಿ ರಾಶಿ ಬಿದ್ದಿದೆ. ಟೈಲರಮ್ಮ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆಗಳನ್ನು ಸರಿಸುತ್ತಾರೆ. ಎಲೆಯ ಮೇಲೆ ಬೆಳ್ಳಿ ಮಚ್ಚೆ. ದಂಟಿಗೆ ಏಣು. ಇನ್ನೂ ಒಳಗೆ, ಮುಷ್ಟಿಗಾತ್ರದ ಒಂದು ಎಳೆಗಾಯಿ. ಚಪ್ಪಟೆ ತಲೆ. ಬೆರಳಿಟ್ಟು ಏಣು ಎಣಿಸುತ್ತಾರೆ. ಒಂಬತ್ತು, ಹತ್ತು, ಹನ್ನೊಂದು.

"ನಮ್ಮದೇ! ರೀ, ನಮ್ಮದೇ!"

"ಏನು ನಿಮ್ಮದು ಟೈಲರಮ್ಮ? ಗೊತ್ತಾಗದೆ ಕಿತ್ತುಬಿಟ್ನಲ್ಲ," ಎಂದು ಗಿರಣಿಯವರು ಗಾಬರಿಯಾಗಿ ಕುಡುಗೋಲನ್ನು ಬೆನ್ನ ಹಿಂದೆ ಬಚ್ಚಿಡುತ್ತಾರೆ. ಮೈಯೆಲ್ಲ ಹಿಟ್ಟು, ಹುಬ್ಬೂ ಬಿಳಿ. ಆಗಲೇ ಟೈಲರಮ್ಮ ಹೂ ಹುಡುಕುತ್ತಿದ್ದಾರೆ. ಮೊದಲನೆಯದು ಕಾಲಡಿ ಸಿಕ್ಕಿ ನಜ್ಜುಗುಜ್ಜಾಗಿದೆ. ಎರಡನೆಯದರಲ್ಲಿ ಜೇನ್ನೊಣ ಕೂತಿದೆ, ಬೇಡ. ಮೂರನೆಯದು ನಿನ್ನೆಯದು, ಬಾಡಿದೆ. ಎಲ್ಲಿ, ಎಲ್ಲಿ?

"ಮೇಲಿದೆ!" ಏಣಿಯ ತುದಿಯಿಂದ ಪತಿಯ ದನಿ. ಚಿಮಣಿಗೆ ಸುತ್ತಿಕೊಂಡ ಮೂರು ಮೊಳದ ಬಳ್ಳಿ ಕುಡುಗೋಲಿಗೆ ಎಟುಕದೆ ಉಳಿದಿದೆ. ಅದರಲ್ಲಿ ಎರಡು ಗಂಡುಹೂ, ಈಗಷ್ಟೇ ಬಿರಿಯುತ್ತಿರುವವು, ಬಾಯಿ ಇನ್ನೂ ಪೂರ್ತಿ ತೆರೆದಿಲ್ಲ. ನೊಣ ಒಳಗೆ ಹೋಗಲು ಜಾಗವೇ ಇಲ್ಲ. ಪತಿ ಜೇಬಿನಿಂದ ಕತ್ತರಿ ತೆಗೆದು ಕೆಳಗೆ ನೋಡುತ್ತಾರೆ. "ಕತ್ತರಿಸ್ಲಾ?"

"ಈಗ ಕೇಳ್ತೀರಾ! ತೊಟ್ಟು ಉದ್ದ ಬಿಟ್ಟು ಕತ್ತರಿಸಿ. ಉದ್ದ!"

ಏಳು ಹತ್ತು. ಮತ್ತೆ ಹಿತ್ತಲು. ಹೆಣ್ಣುಹೂವಿನ ದಾರ ಬಿಚ್ಚಿದ್ದೇ ತಡ, ದಳಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಟೈಲರಮ್ಮ ಗಂಡುಹೂವಿನ ದಳಗಳನ್ನು ಕಿತ್ತು, ಒಳಗಿನ ಹಳದಿ ಕಡ್ಡಿಯನ್ನು ಹೊರತೆಗೆಯುತ್ತಾರೆ. ಬೆರಳಿಗೆ ಸಣ್ಣಗೆ ಹಳದಿ ಪುಡಿ ಮೆತ್ತಿದೆ. ಅದನ್ನು ಹೆಣ್ಣುಹೂವಿನ ನಡುವಿನ ಗುಬುಟುಗಳಿಗೆ ಒಂದೊಂದಾಗಿ ಸವರುತ್ತಾರೆ, ಮಗುವಿನ ಕೆನ್ನೆಗೆ ಪೌಡರ್ ಹಚ್ಚುವಷ್ಟು ಹಗುರವಾಗಿ. ಮೊದಲ ಹೂ ಮುಗಿದ ಮೇಲೆ ಎರಡನೆಯದು. ಬಳಿಕ ದಳಗಳನ್ನು ಕೂಡಿಸಿ ಅದೇ ಕೆಂಪು ದಾರದಿಂದ ಗಂಟು. ಒಂದೂವರೆ ನಿಮಿಷದ ಕೆಲಸ. ಅಷ್ಟು ಹೊತ್ತೂ ಅವರ ಪತಿ ಉಸಿರು ಬಿಟ್ಟಿಲ್ಲ, ಅತ್ತೆ ಬಾಯಿ ಬಿಟ್ಟಿಲ್ಲ. ಎರಡನೆಯದು ಈ ಮನೆಯಲ್ಲಿ ಅಪರೂಪ.

ಅಂದಿನಿಂದ ನಾಲ್ಕು ದಿನ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಹೀಚು ಹಸಿರಾಗಿಯೇ ಉಳಿದು ಊದಿದರೆ ಗೆಲುವು, ಹಳದಿಯಾದರೆ ಸೋಲು. ಟೈಲರಮ್ಮನ ಅಳತೆ ಪುಸ್ತಕದಲ್ಲಿ, ಒಬ್ಬ ಮೇಷ್ಟ್ರ ಪ್ಯಾಂಟು ಮತ್ತು ಒಬ್ಬ ನರ್ಸಮ್ಮನ ಅಂಗಿಯ ಅಳತೆಯ ನಡುವೆ, ಹೊಸ ಗಿರಾಕಿಯೊಬ್ಬರ ಪುಟ ತೆರೆದಿದೆ. ಹೆಸರು ಕುಂಬಳ. ಎದೆ ಇಲ್ಲ, ತೋಳಿಲ್ಲ, ಸೊಂಟ ಮಾತ್ರ. ಮೊದಲ ದಿನ ಎರಡೂಕಾಲು ಇಂಚು. ಎರಡನೆಯ ದಿನ ಎರಡೂಕಾಲು. ಮೂರನೆಯ ದಿನವೂ ಎರಡೂಕಾಲು. ಆ ದಿನ ಅವರು ಒಂದು ಅಂಗಿಗೆ ಎರಡೂ ಎಡತೋಳು ಹೊಲಿದು ಬಿಚ್ಚಿದ್ದಾರೆ.

ಐದನೆಯ ದಿನ ಬೆಳಗಾಗುತ್ತಲೇ ಹಿತ್ತಲಿಂದ ಕೇಳಿದ ಕೂಗಿಗೆ ಪಕ್ಕದ ಮನೆಯವರು ಹಾವು ಕಂಡರೇನೋ ಎಂದು ಕೋಲು ಹಿಡಿದು ಬಂದರಂತೆ. "ಮೂರು ಮುಕ್ಕಾಲು! ರೀ, ಮೂರು ಮುಕ್ಕಾಲು ಇಂಚು!" ಪತಿ ಒಂದು ಕೆನ್ನೆಗೆ ನೊರೆ ಹಚ್ಚಿಕೊಂಡೇ ಓಡಿ ಬಂದರು. ಹೊಟ್ಟೆಗೆ ಹಾಲು ಹೊಯ್ದಂತಾಯಿತು ಎನ್ನುತ್ತಾರೆ. ಮುಂದೆ ಆ ಸೊಂಟ ನಿಲ್ಲಲೇ ಇಲ್ಲ. ಹತ್ತನೆಯ ದಿನ ಹದಿಮೂರು, ಇಪ್ಪತ್ತನೆಯ ದಿನ ಇಪ್ಪತ್ತಾರು. ಬಳ್ಳಿಯ ತುದಿ ಚಿವುಟಿ, ಇದ್ದಬದ್ದ ಕಸುವನ್ನೆಲ್ಲ ಅದೊಂದಕ್ಕೇ ತಿರುಗಿಸಿದರು. ಜೋಲಿಗೆ ಬಳಸಿದ್ದು ಪತಿಯ ಹೊಸ ಪ್ಯಾಂಟಿನ ಕಾಲು. ಕತ್ತರಿಸುವಾಗ ಇನ್ನೊಂದು ತುದಿ ಹಿಡಿದವರು ಅವರೇ.

ಐವತ್ತೆರಡನೆಯ ದಿನ ಕಾಯಿ ಕೊಯ್ದು, ಬೀಜ ಬಲಿಯಲೆಂದು ಇನ್ನೂ ಮೂರು ವಾರ ಮಂಚದ ಕೆಳಗಿಟ್ಟು, ಕಳೆದ ವಾರ ಹೋಳು ಮಾಡಿದ್ದಾರೆ. ಒಳಗೆ ಅದೇ ಗಾಢ ಕೇಸರಿ. ಬೀಜ ಇನ್ನೂರ ಎಂಬತ್ತಾರು. ಹತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಒಂಬತ್ತು ಮೊಳೆತಿವೆ. ಎಷ್ಟು ಕುಣಿದರು ಎಂಬುದನ್ನು ಅತ್ತೆಯ ಬಾಯಲ್ಲೇ ಕೇಳಬೇಕು.

ನಿಜವಾದ ಸುದ್ದಿ ಇನ್ನೂ ಮುಂದಿದೆ. ಹದಿನೈದು ವರ್ಷದಿಂದ ಕೇಳಿದವರಿಗೆ ಒಂದು ಬೀಜವನ್ನೂ ಕೊಡದ ಟೈಲರಮ್ಮ, ಈಗ ಕಾಗದದ ಅಚ್ಚುಗಳನ್ನು ಕತ್ತರಿಸಿ ಪೊಟ್ಟಣ ಕಟ್ಟುತ್ತಿದ್ದಾರೆ. ಪ್ರತಿ ಪೊಟ್ಟಣದಲ್ಲಿ ಏಳು ಬೀಜ, ಒಂದು ಮೊಳ ಕೆಂಪು ದಾರ. ಇಪ್ಪತ್ತು ಮನೆಗೆ. ಷರತ್ತು ಒಂದೇ: ಸಂಜೆ ಬಂದು, ಚಿಂದಿಯಲ್ಲಿ ಹೊಲಿದ ಮೊಗ್ಗಿನ ಮೇಲೆ ಹೂ ಕಟ್ಟುವುದನ್ನು ಕಲಿತು, ಅವರ ಎದುರೇ ಮೂರು ಸಲ ಕಟ್ಟಿ ತೋರಿಸಬೇಕು. ಮೊದಲು ಪಾಸಾದದ್ದು ಗಿರಣಿಯವರು. ಹಿಟ್ಟಿನ ಮೂಟೆಯ ಬಾಯಿ ಕಟ್ಟಿ ಪಳಗಿದ ಕೈ. ಕ್ಷೌರದಂಗಡಿಯವರು ಎರಡು ಸಲ ನಪಾಸಾಗಿ, ಮೂರನೆಯ ಸಲಕ್ಕೆ ತೇರ್ಗಡೆಯಾಗಿದ್ದಾರೆ.

"ಬಚ್ಚಿಟ್ಟು ಕಾಪಾಡ್ತಿದ್ದೀನಿ ಅಂದ್ಕೊಂಡಿದ್ದೆ," ಎನ್ನುತ್ತಾರೆ ಟೈಲರಮ್ಮ, ಪೊಟ್ಟಣಕ್ಕೆ ಗಂಟು ಹಾಕುತ್ತ. "ಕಾಪಾಡಿದ್ದು ಗಿರಣಿಯ ಕೊಚ್ಚೆ. ನಾಚಿಕೆ ಆಯ್ತು ನನಗೆ. ಜನಕ್ಕೆ ಕಟ್ಟೋಕೆ ಬರಲ್ಲ ಅಂತ ಸಿಟ್ಟು ಮಾಡ್ಕೊಂಡೆನೇ ಹೊರತು, ಬನ್ನಿ, ಹೇಳ್ಕೊಡ್ತೀನಿ ಅಂತ ಒಬ್ಬರನ್ನೂ ಕರೀಲಿಲ್ಲ."

ಇನ್ನು ಆಸೆ ಏನಿದೆ ಎಂದು ಕೇಳಿದರೆ ಅವರು ಮುಂದಿನ ಪೊಟ್ಟಣಕ್ಕೆ ಏಳು ಬೀಜ ಎಣಿಸಿ ಹಾಕುತ್ತಾರೆ. ಸನ್ಮಾನ, ಬಹುಮಾನ ಯಾವುದೂ ಅವರ ತಲೆಗೆ ಬರುವುದಿಲ್ಲ.

"ಒಂದು ದಿನ ಏಳು ಗಂಟೆವರೆಗೆ ಮಲಗ್ಬೇಕು."

"ಇವಳಾ? ಐದಕ್ಕೆ ಎದ್ದು ಕೂರ್ತಾಳೆ, ಬರೆದಿಟ್ಕೊಳ್ಳಿ," ಎಂದು ಪತಿ ನಗುತ್ತಾರೆ.

"ಎಚ್ಚರ ಆಗತ್ತೆ ರೀ," ಎನ್ನುತ್ತಾರೆ ಟೈಲರಮ್ಮ. "ಆದ್ರೆ ಇನ್ಮೇಲೆ ಎದೆ ಹೊಡ್ಕೊಳ್ಳಲ್ಲ."